ಚನ್ನಬಸಪ್ಪನವರ ಸಹಿ

ವಡೋದರಾದ ಗೋರ್ವಾ ಬಡಾವಣೆಯ ನಮ್ಮ ಹೌಸಿಂಗ್ ಸೊಸೈಟಿಯಲ್ಲಿ ಯಾರಾದರೂ ಕಾಗದಕ್ಕೆ ಸಹಿ ಹಾಕುವ ಮುಂಚೆ ಎರಡನೇ ಮಹಡಿ ಹತ್ತುತ್ತಿದ್ದರು. ಅಲ್ಲಿ ಚನ್ನಬಸಪ್ಪನವರ ಮನೆ. ಬಾಡಿಗೆ ಕರಾರು, ಆಸ್ಪತ್ರೆಯ ಫಾರ್ಮು, ವಿಮೆಯ ಪಾಲಿಸಿ, ಏನೇ ಇರಲಿ, ಅವರು ಕನ್ನಡಕ ಏರಿಸಿ ಸಾಲಿನ ಮೇಲೆ ಬೆರಳಿಟ್ಟು ಓದಿ, ಹಾಳೆ ತಿರುಗಿಸಿ ಹಿಂಬದಿಯನ್ನೂ ನೋಡಿ, “ಹೂಂ, ಈಗ ಸಹಿ ಮಾಡ್ರಿ” ಎನ್ನುತ್ತಿದ್ದರು. ನನ್ನ ಗಂಡ ಒಮ್ಮೆ ಫ್ರಿಜ್ಜಿನ ವಾರಂಟಿ ಕಾಗದಕ್ಕೆ ಓದದೆ ಸಹಿ ಗೀಚಿದ್ದಕ್ಕೆ ಅರ್ಧ ಗಂಟೆ ಪಾಠ ಹೇಳಿಸಿಕೊಂಡರು. ನಾನು ನಗು ತಡೆಯಲಾರದೆ ಚಹಾ ಮಾಡುವ ನೆವದಲ್ಲಿ ಒಳಗೆ ಹೋದೆ.

ಬಾಗಲಕೋಟೆ ಕಡೆಯವರು, ವಿಮಾ ಕಚೇರಿಯ ಕೆಲಸ. ಮೂರು ವರ್ಷಕ್ಕೆಂದು ವಡೋದರಾಕ್ಕೆ ವರ್ಗವಾಗಿ ಬಂದವರು ಮೂವತ್ತೆರಡು ವರ್ಷ ಉಳಿದುಬಿಟ್ಟರು. ಮುಂದಿನ ವರ್ಷ ಹೊರಟುಹೋಗುವವರಿಗೆ ಹೊಸ ಅಕ್ಷರ ಯಾಕೆಂದು ಗುಜರಾತಿ ಓದುವುದನ್ನು ಮಾತ್ರ ಕಲಿಯಲಿಲ್ಲ. ಮಾತು ಸರಾಗ, ಓದು ಸೊನ್ನೆ. ಗುಜರಾತಿ ಕಾಗದ ಬಂದರೆ ಮಗಳು ಕೃಪಾ ಓದಿ ಹೇಳಬೇಕು. ಇಲ್ಲೇ ಹುಟ್ಟಿ ಬೆಳೆದ ಹುಡುಗಿ, ಅವಳಿಗೆ ಕನ್ನಡವೇ ತೊಡಕು. ಅಪ್ಪ ಮಗಳ ನಡುವೆ ಈ ವ್ಯವಹಾರ ಚೆನ್ನಾಗಿಯೇ ನಡೆದುಕೊಂಡು ಬಂದಿತ್ತು.

ಕೆನಾಲ್ ದಾಟಿದರೆ ಅವರದೊಂದು ಸೈಟು. ನಿವೃತ್ತಿಯಾದ ಮೇಲೆ ಮನೆ ಕಟ್ಟಬೇಕೆಂದು ಹೊಟ್ಟೆಬಟ್ಟೆ ಕಟ್ಟಿ ಕೊಂಡದ್ದು. ನಿವೃತ್ತಿಯಾಗಿ ನೋಡಲು ಹೋದರೆ ಅಲ್ಲಿ ನಾಲ್ಕು ತಾಡಪಾಲು ಗುಡಿಸಲು. ದಾಹೋದ್ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದ ಆದಿವಾಸಿಗಳು. ಅವರಲ್ಲಿ ಹಿರಿಯ ವೇಸ್ತಾ ಕೈಮುಗಿದು, “ಕಾಕಾ, ಪಕ್ಕದ ಬಿಲ್ಡಿಂಗ್ ಮುಗಿಯೋವರೆಗೆ, ಎರಡೇ ತಿಂಗಳು” ಎಂದ. ಇವರು ಆಗಲಿ ಎಂದರು. ಆ ಬಿಲ್ಡಿಂಗ್ ಮುಗಿದು ಅದರ ಪಕ್ಕದ್ದು ಶುರುವಾಯಿತು. ಎರಡು ತಿಂಗಳು ಒಂದೂವರೆ ವರ್ಷವಾಯಿತು.

ಚನ್ನಬಸಪ್ಪನವರು ಕ್ರಮ ಬಿಟ್ಟು ಹೋಗುವವರಲ್ಲ. ಮೊದಲು ಬಾಯಿಮಾತು, ಆಮೇಲೆ ವಕೀಲರ ನೋಟಿಸು. ಪೊಲೀಸ್ ಠಾಣೆಯಲ್ಲಿ, ಇದು ಸಿವಿಲ್ ವಿಷಯ, ಕೋರ್ಟಿಗೆ ಹೋಗಿ ಎಂದರು. ಕೋರ್ಟಿಗೆ ಹೋದರೆ ಎಷ್ಟು ವರ್ಷ ಎಂದು ವಕೀಲರನ್ನು ಕೇಳಿದಾಗ ಅವರು ನಕ್ಕು, “ನಿಮ್ಮ ವಯಸ್ಸೆಷ್ಟು?” ಎಂದು ಕೇಳಿದರಂತೆ. ಯಾರೋ ಬುಲ್ಡೋಜರ್ ಕಳಿಸುತ್ತೇನೆ ಎಂದು ಮುಂದೆ ಬಂದರು. ಇವರು ಒಪ್ಪಲಿಲ್ಲ. ಅದಕ್ಕೆ ನಾನು ಅವರನ್ನು ಇವತ್ತಿಗೂ ಮೆಚ್ಚುತ್ತೇನೆ.

ಆ ಜನವರಿಯಲ್ಲಿ ಅವರ ಹೆಂಡತಿ ಅನಸೂಯ ಒಂದು ಕೆಲಸ ಮಾಡಿದರು. ವೇಸ್ತಾನ ಹೆಂಡತಿ ಮಂಜುಲಾ ಬಸುರಿ. ಸೈಟು ನೋಡಲು ಗಂಡನ ಜೊತೆ ಹೋಗಿದ್ದಾಗ ಅದು ಇವರ ಕಣ್ಣಿಗೆ ಬಿತ್ತು. ಮರುದಿನವೇ ಕೃಪಾಳನ್ನು ಕರೆದುಕೊಂಡು ಹೋಗಿ ಆ ಹುಡುಗಿಗೆ ಅರಿಶಿನ ಕುಂಕುಮ ಹಚ್ಚಿ, ಅಕ್ಕಿ, ಕಾಯಿ, ಹಸಿರು ಕುಪ್ಪಸದ ಬಟ್ಟೆ ಇಟ್ಟು ಉಡಿ ತುಂಬಿ ಬಂದರು. ಮನೆಯ ಮಗಳಿಗೆ ಮಾಡುವ ಹಾಗೆ.

ಚನ್ನಬಸಪ್ಪನವರು ಕೆಂಡವಾದರು. ಕೆಳಗಿನ ಮನೆಯ ನನಗೂ ಕೇಳಿಸಿತು. “ಉಡಿ ತುಂಬಿದ ಹೆಣ್ಣಮಗಳಿಗೆ ಜಾಗಾ ಬಿಡಂತ ಹೆಂಗ ಹೇಳ್ಲಿ? ನನ್ನ ಬಾಯಿ ಕಟ್ಟಿದಿ ನೀ!”

“ಬಾಯಿ ಕಟ್ಟಿದ್ರ ಒಳ್ಳೇದಾತು ಬಿಡ್ರಿ” ಎಂದರು ಅನಸೂಯ. ಕೃಪಾ ತಾಯಿಯ ಕಡೆ. ಅದೇ ವಾರ ಚನ್ನಬಸಪ್ಪನವರು ನಮ್ಮ ಮನೆಗೆ ಇಳಿದು ಬಂದು, “ರಮಾಮಣಿ ಅಕ್ಕಾರ, ಅರ್ಜಿ ಬರಿಯಾವ್ರು ಯಾರರ ಗೊತ್ತದಾರೇನ್ರಿ? ಮನ್ಯಾಗ ತಿಳೀಬಾರದು” ಎಂದು ಕೇಳಿದರು. ಕಲೆಕ್ಟರ್ ಕಚೇರಿಯ ಎದುರು ಕೂರುವ ಒಬ್ಬನ ಹೆಸರು ಕೊಟ್ಟವಳು ನಾನೇ.

ಅವನು ಮೂರು ಹಾಳೆ ಗುಜರಾತಿಯಲ್ಲಿ ಟೈಪ್ ಮಾಡಿದ. ಏನಿದೆ ಎಂದು ಇವರು ಕೇಳಿದ್ದಕ್ಕೆ, “ಜಾಗ ಖಾಲಿ ಮಾಡಿಸಿಕೊಡಿ ಅಂತ ಸಾಹೇಬ್, ಇನ್ನೇನು?” ಎಂದ. ಮಗಳಿಗೆ ತೋರಿಸಿದರೆ ಮತ್ತೆ ಜಗಳ. ಚನ್ನಬಸಪ್ಪನವರು ಮೂರೂ ಹಾಳೆಗೆ ತಮ್ಮ ದುಂಡು ಕನ್ನಡ ಅಕ್ಷರದಲ್ಲಿ ಸಹಿ ಹಾಕಿದರು.

ಅರ್ಜಿ ಹೋಯಿತು, ಸದ್ದಿಲ್ಲ. ಹೋಳಿ ಹತ್ತಿರ ಬಂತು. ದಾಹೋದಿನವರು ಎಲ್ಲಿದ್ದರೂ ಹೋಳಿಗೆ ಊರಿಗೆ ಹೋಗುತ್ತಾರೆ. ವೇಸ್ತಾ ತಾನಾಗಿಯೇ ಮನೆಗೆ ಬಂದು, “ಕಾಕಾ, ಹೆರಿಗೆ ಊರಲ್ಲೇ. ಇನ್ನು ನಿಮ್ಮ ಜಾಗಕ್ಕೆ ಬರಲ್ಲ” ಎಂದು ಹೇಳಿ ಹೋದ. ಹೋಗುವಾಗ ಗೂಟ ಕಿತ್ತ ಗುಂಡಿಗಳಿಗೆಲ್ಲ ಮಣ್ಣು ತುಂಬಿದ್ದರು. ಚನ್ನಬಸಪ್ಪನವರು ತಂತಿಬೇಲಿ ಹಾಕಿಸಿ ನಮಗೆಲ್ಲ ಪೇಢೆ ಹಂಚಿದರು. ಅರ್ಜಿ ವಾಪಸು ಪಡೆಯಬೇಕು ಎಂದು ಅವರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ದೀಪಾವಳಿ ಕಳೆದ ಮೇಲೆ ವೇಸ್ತಾ ಮತ್ತೆ ಕೆಲಸ ಹುಡುಕಿ ವಡೋದರಾಕ್ಕೆ ಬಂದ. ಬೆಳಿಗ್ಗೆ ಕೂಲಿಯವರೆಲ್ಲ ಸೇರುವ ಕಡಿಯಾ ನಾಕಾದಲ್ಲಿ ನಿಂತಿದ್ದವನನ್ನು ಪೊಲೀಸರು ಹಿಡಿದುಕೊಂಡು ಹೋದರು. ಕಲೆಕ್ಟರರ ಸಮಿತಿ ಅರ್ಜಿ ಒಪ್ಪಿ ಕೇಸು ದಾಖಲಿಸಲು ಹೇಳಿತ್ತು. ಹೇಳಿಕೆ ಕೊಡಲು ಬರಬೇಕೆಂದು ಠಾಣೆಯಿಂದ ಕಾಗದ ಬಂತು, ಜೊತೆಗೆ ಅರ್ಜಿಯ ನಕಲು. ಆಗ ಅದು ಕೃಪಾಳ ಕೈಗೆ ಸಿಕ್ಕಿತು.

ನಾನು ಅಲ್ಲೇ ಇದ್ದೆ. ಅವಳು ಓದುತ್ತಾ ಹೋದಳು, ಕನ್ನಡ ಸಿಗದ ಕಡೆ ಹಿಂದಿ ಸೇರಿಸಿದಳು. ವೇಸ್ತಾ ಗುಂಪು ಕಟ್ಟಿಕೊಂಡು ಬಲವಂತದಿಂದ ಜಾಗ ಹಿಡಿದ. ಮಾಲೀಕರಿಗೆ ಕುಡುಗೋಲು ತೋರಿಸಿ ಕೊಲ್ಲುತ್ತೇನೆ ಎಂದ. ಉಳಿದ ಗುಡಿಸಲುಗಳನ್ನು ಬಾಡಿಗೆಗೆ ಬಿಟ್ಟ. ಭೂಕಬಳಿಕೆ ಕಾಯ್ದೆಯ ಪ್ರಕಾರ ಅವನಿಗೆ ಶಿಕ್ಷೆಯಾಗಬೇಕು.

“ಪಪ್ಪಾ, ಈ ಆಕ್ಟಲ್ಲಿ ಮಿನಿಮಮ್ಮೇ ಹತ್ತು ವರ್ಷ ಜೈಲು. ಇದು ನೀವೇ ಸೈನ್ ಮಾಡಿದ್ದಾ? ವಾಂಚ್ಯಾ ವಗರ್? ಓದದೇನೇ?”

ಚನ್ನಬಸಪ್ಪನವರು ಹಾಳೆ ಇಸಿದುಕೊಂಡು ತಮಗೆ ಓದಲು ಬರದ ಆ ಅಕ್ಷರಗಳ ಮೇಲೆ ಬೆರಳಿಟ್ಟು ನೋಡುತ್ತಾ ಕೂತರು. ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು.

ಠಾಣೆಗೆ ಹೋಗಿ, ಅವನು ಒಳ್ಳೆಯವ, ಕುಡುಗೋಲು ಗಿಡುಗೋಲು ಏನೂ ಇಲ್ಲ, ಕೇಸು ಬಿಡಿ ಎಂದರು. ಇನ್ಸ್‌ಪೆಕ್ಟರ್ ಸಿಟ್ಟಾಗಲಿಲ್ಲ. “ಅಂಕಲ್, ಈಗ ಇದು ಸರ್ಕಾರದ ಕೇಸು. ಸುಳ್ಳು ಅರ್ಜಿ ಕೊಟ್ಟೆ ಅಂತ ಬರೆದುಕೊಟ್ಟರೆ ನಿಮ್ಮ ಮೇಲೇ ಕೇಸಾಗಬಹುದು. ಮನೆಗೆ ಹೋಗಿ” ಎಂದು ನೀರು ಕೊಟ್ಟು ಕಳಿಸಿದರು. ವಕೀಲರೂ, ಸುಮ್ಮನಿರಿ ಎಂದರು. ಕೇಸು ರದ್ದು ಮಾಡಿಸಲು ಇನ್ನುಳಿದದ್ದು ಅಹಮದಾಬಾದಿನ ಹೈಕೋರ್ಟು. ಅಲ್ಲಿಗೆ ಓದದೆ ಸಹಿ ಹಾಕಿದೆ ಎಂದು ಪ್ರಮಾಣ ಮಾಡಿ ಬರೆದುಕೊಡಬೇಕು.

ಅವರು ನಾಲ್ಕು ತಿಂಗಳು ಸುಮ್ಮನಿದ್ದರು. ಹೆದರಿಕೆಯೋ ಮರ್ಯಾದೆಯೋ ನಾನು ಕೇಳಲಿಲ್ಲ. ಕೇಳುವ ಯೋಗ್ಯತೆ ನನಗೆಲ್ಲಿತ್ತು? ಅಷ್ಟರಲ್ಲಿ ವೇಸ್ತಾನ ಜಾಮೀನು ಅರ್ಜಿ ಬಿದ್ದುಹೋಯಿತು. ಅನಸೂಯ ಹೊತ್ತುಹೊತ್ತಿಗೆ ಊಟ ಬಡಿಸುತ್ತಿದ್ದರು, ಮಾತು ಮಾತ್ರ ಇಲ್ಲ. ಸೊಸೈಟಿಯವರು ಯಾರಾದರೂ ಕಾಗದ ಹಿಡಿದು ಮೇಲೆ ಹೋದರೆ, “ಕಣ್ಣ ಕಾಣಸೂದಿಲ್ಲ ಈಗ” ಎಂದು ಬಾಗಿಲಲ್ಲೇ ತಿರುಗಿಸಿ ಕಳಿಸುತ್ತಿದ್ದರು.

ಮಾರ್ಚಿನಲ್ಲೊಂದು ದಿನ ತಾವಾಗಿಯೇ ಕೃಪಾಳ ಎದುರು ಕೂತು, “ಬರಿ” ಎಂದರು. ಅವಳು ಇಂಗ್ಲಿಷಿನಲ್ಲಿ ಬರೆದು ವಕೀಲರಿಂದ ತಿದ್ದಿಸಿದಳು. ಚನ್ನಬಸಪ್ಪನವರು ಪ್ರತಿ ಸಾಲು ಓದಿ ಸಹಿ ಹಾಕಿ, ಬೆಳಗಿನ ರೈಲಿಗೆ ಅಹಮದಾಬಾದಿಗೆ ಹೋದರು. ಆಮೇಲೆ ಆರು ಸಲ ಹೋಗಿ ಬಂದಿದ್ದಾರೆ. ಪ್ರತಿ ಸಲ ಮುಂದಿನ ತಾರೀಖು. ವೇಸ್ತಾ ಇನ್ನೂ ಒಳಗಿದ್ದಾನೆ.

ಮೇ ತಿಂಗಳಲ್ಲಿ ಮಂಜುಲಾ ಮಗು ಎತ್ತಿಕೊಂಡು ಬಂದಳು. ಗಂಡನ ಭೇಟಿಗೆ ಜೈಲಿಗೆ ಹೋಗಬೇಕು, ಕೂಲಿಯೂ ಮಾಡಬೇಕು, ಇರಲು ಜಾಗವಿಲ್ಲ. ಅನಸೂಯ ಮನೆಯಲ್ಲೇ ಇರು ಎಂದು ಗೋಗರೆದರೂ ಒಳಗೆ ಬರಲಿಲ್ಲ. ಚನ್ನಬಸಪ್ಪನವರು ನಮ್ಮನ್ನೆಲ್ಲ ಕರೆದುಕೊಂಡು ಸೈಟಿಗೆ ಹೋಗಿ, ಬೇಲಿಯ ಬೀಗ ತೆಗೆದು, “ಇಲ್ಲೇ ಇರವ್ವಾ” ಎಂದು ಕನ್ನಡದಲ್ಲೇ ಹೇಳಿ, ಆಮೇಲೆ ಗುಜರಾತಿಯಲ್ಲಿ ಹೇಳಿದರು.

ಮಂಜುಲಾ ಬೇಲಿಯಾಚೆಯೇ ನಿಂತಳು. “ಬರೆದುಕೊಡಿ ಕಾಕಾ. ಕಾಗದ ಇಲ್ಲದೆ ನಾನು ಕಾಲಿಡಲ್ಲ.”

ಕೃಪಾ ಅಲ್ಲೇ ಸ್ಕೂಟರಿನ ಸೀಟಿನ ಮೇಲೆ ಹಾಳೆ ಇಟ್ಟು ಗುಜರಾತಿಯಲ್ಲಿ ಬರೆದಳು. ಕೇಸು ಮುಗಿಯುವವರೆಗೆ ಈ ಜಾಗದಲ್ಲಿ ಇರಲು ಮಾಲೀಕರ ಒಪ್ಪಿಗೆ ಇದೆ. ಅಪ್ಪನಿಗೆ ಓದಿ ಹೇಳಿದಳು, ಅವರು ಸಹಿ ಹಾಕಿದರು. ಅದರ ಕೆಳಗೆ ಮಂಜುಲಾಳ ಹೆಬ್ಬೆಟ್ಟು ಬೇಕಿತ್ತು. ಚನ್ನಬಸಪ್ಪನವರು ತಮ್ಮ ಚೀಲದಲ್ಲಿ ಯಾವಾಗಲೂ ಇಟ್ಟುಕೊಳ್ಳುತ್ತಿದ್ದ ಇಂಕ್ ಪ್ಯಾಡ್ ತೆರೆದು ಹಿಡಿದರು.

ಅವಳು ಕೈ ಹಿಂದಕ್ಕೆ ಎಳೆದುಕೊಂಡಳು. “ಕೃಪಾಬೆನ್, ಮೊದಲು ನನಗೂ ಓದಿ ಹೇಳಿ.”

ಕೃಪಾ ಓದಿದಳು. ಮಂಜುಲಾ ಇನ್ನೊಂದು ಸಲ ಎಂದಳು, ಕೃಪಾ ಮತ್ತೆ ಓದಿದಳು. ಮಂಜುಲಾ ಮಗುವನ್ನು ಸೊಂಟದ ಇನ್ನೊಂದು ಬದಿಗೆ ಬದಲಿಸಿಕೊಂಡು, “ಹಿಂದೆ ಏನಿದೆ?” ಎಂದು ಕೇಳಿದಳು.

ಚನ್ನಬಸಪ್ಪನವರು ಹಾಳೆ ತೆಗೆದುಕೊಂಡು ತಿರುಗಿಸಿ, ಹಿಂಬದಿ ಖಾಲಿ ಇದೆಯೆಂದು ಅವಳಿಗೆ ತೋರಿಸಿದರು.