ತಂಗಿಯ ಮುಖದ ಮೇಲಿನ ಮಾಸ್ಕ್

ಆಸ್ಪತ್ರೆಯಲ್ಲಿ ಎಲ್ಲರೂ ಅವಳನ್ನು ಸಿಲಿಂಡರಕ್ಕ ಎನ್ನುತ್ತಿದ್ದರು. ಅಪ್ಪ ವೆಲ್ಡಿಂಗ್ ಅಂಗಡಿಯವನು. ಅಂಬೆಗಾಲಿಡುವ ವಯಸ್ಸಿಗೇ ಕಬ್ಬಿಣದ ಸಿಲಿಂಡರು ಹಿಡಿದು ಎದ್ದು ನಿಂತವಳು. ಆಮ್ಲಜನಕದ ಉಸ್ತುವಾರಿಗೆ ಹೆಂಗಸೇ ಎಂದು ಮೂಗು ಮುರಿದವರು, ಆಳೆತ್ತರದ ಸಿಲಿಂಡರನ್ನು ಅವಳು ಓರೆ ಮಾಡಿ ಬುಗುರಿಯಂತೆ ತಿರುಗಿಸುತ್ತ ವಾರ್ಡಿಗೆ ತಂದದ್ದು ಕಂಡು ತೆಪ್ಪಗಾಗಿದ್ದರು. ನಾಲಿಗೆ ಮಾತ್ರ ಬಲು ಖಾರ. ತಂಗಿ ಕೆಂಡದ ಇಸ್ತ್ರಿ ಅಂಗಡಿಯವನನ್ನು ಮೆಚ್ಚಿ ಮದುವೆಯಾದಾಗ, "ಆ ಬೂದಿಬಡುಕನ ಮನೆ ಕಡೆ ತಲೆ ಹಾಕಿಯೂ ಮಲಗಲ್ಲ" ಅಂದುಬಿಟ್ಟಳು. ಅಂದಮೇಲೆ ಮುಗಿಯಿತು, ವರ್ಷಗಳೇ ಉರುಳಿದರೂ ಮಾತಿಲ್ಲ ಕತೆಯಿಲ್ಲ.

ಚಳಿ ಕೊರೆಯುತ್ತಿದ್ದ ಒಂದು ಬೆಳಗ್ಗೆ ಆ ತಂಗಿಯ ಗಂಡನೇ ಹೆಂಡತಿಯನ್ನು ಹೊತ್ತುಕೊಂಡು ಏದುಸಿರು ಬಿಡುತ್ತ ಬಂದ. ತಂಗಿ ಬಸುರಿ ಅನ್ನುವುದು ಅಕ್ಕನಿಗೆ ಗೊತ್ತಾದದ್ದೇ ಆಗ.

"ಚಳಿ ಅಂತ ಕಿಟಕಿ ಬಾಗಿಲು ಎಲ್ಲಾ ಹಾಕ್ಕೊಂಡು ಕೆಂಡದ ಪೆಟ್ಟಿಗೇಲಿ ಇಸ್ತ್ರಿ ಮಾಡ್ತಿದ್ಲು," ಎಂದ. "ನಾನು ಬಟ್ಟೆ ಕೊಟ್ಟು ಬರೋಷ್ಟರಲ್ಲಿ ಬಿದ್ದಿದ್ಲು."

ಅಕ್ಕ ತಂಗಿಗೆ ಮಾಸ್ಕ್ ಹಾಕಿ ಸಿಲಿಂಡರಿನ ಆಮ್ಲಜನಕವನ್ನು ಪೂರ್ತಿ ತೆರೆದಳು. ಡಾಕ್ಟರಮ್ಮ ತಂಗಿಯ ಗಂಡನನ್ನು ಕೂರಿಸಿ ವಿವರಿಸಿದರು.

"ಕೆಂಡದ ವಿಷಗಾಳಿ ರಕ್ತದಲ್ಲಿ ಆಮ್ಲಜನಕದ ಜಾಗ ಹಿಡ್ಕೊಂಡಿದೆ. ಆದ್ರೆ ಅದೇನು ಬೇರು ಬಿಟ್ಟು ಕೂತಿರಲ್ಲ. ಏಳ್ತಾ, ಮತ್ತೆ ಕೂರ್ತಾ ಇರುತ್ತೆ. ಈಗ ನಾವು ಆಮ್ಲಜನಕ ಜಾಸ್ತಿ ಮಾಡಿದ್ವಾ, ಅದು ಎದ್ದ ಜಾಗದಲ್ಲೆಲ್ಲ ಇದು ಕೂರುತ್ತೆ, ಅದು ಉಸಿರಲ್ಲಿ ಆಚೆ ಹೋಗುತ್ತೆ. ಬರೀ ಗಾಳೀಲಿ ಬಿಟ್ರೆ ತುಂಬಾ ನಿಧಾನ. ಮಗುವಿನ ರಕ್ತ ಅಂತೂ ಆ ವಿಷಾನ ಸುಲಭಕ್ಕೆ ಬಿಡಲ್ಲ. ಅಮ್ಮ ಹುಷಾರಾದ್ಲು ಅಂತ ಮಾಸ್ಕ್ ತೆಗೀಬಾರ್ದು."

ದೊಡ್ಡಾಸ್ಪತ್ರೆಗೆ ಸಾಗಿಸೋಣವೆಂದರೆ ಆಂಬುಲೆನ್ಸ್ ದೂರದೂರಿಗೆ ಹೋಗಿತ್ತು. ಸಿಲಿಂಡರಿನ ಲಾರಿ ಇನ್ನೂ ಬಂದಿರಲಿಲ್ಲ. ಆಮ್ಲಜನಕ ಹರಿಯುವ ರಭಸಕ್ಕೆ ಸಿಲಿಂಡರಿನ ಮೀಟರಿನ ಮುಳ್ಳು ಕಣ್ಣೆದುರೇ ಕೆಳಗಿಳಿಯುತ್ತಿತ್ತು. ಮಗುವಿನ ಎದೆಬಡಿತ ಕೇಳಿಸುವ ಯಂತ್ರ ತಾಳ ತಪ್ಪಿ ಬಡಿಯುತ್ತಿತ್ತು.

ಮುಳ್ಳು ತಳ ಮುಟ್ಟುವ ಹೊತ್ತಿಗೆ ಅಕ್ಕ ಉಳಿದಿದ್ದ ಕೊನೆಯ ಸಿಲಿಂಡರು ತಂದು ಜೋಡಿಸಿದಳು. ತೆರೆದದ್ದೇ ತಡ, ಸಿಲಿಂಡರಿನ ಕೊರಳ ಬಳಿ ಬುಸ್ಸೆಂದು ಆಮ್ಲಜನಕ ಸೋರತೊಡಗಿತು. ಸೋರದಂತೆ ತಡೆಯುವ ವಾಷರ್ ಬಿರಿದಿತ್ತು. ಮುಚ್ಚಿ, ಖಾಲಿಯಾದದ್ದರ ವಾಷರ್ ಬಿಚ್ಚಬೇಕು. ಅಲ್ಲಿಯವರೆಗೆ ತಂಗಿಗೆ ಬರೀ ಗಾಳಿಯೇ ಗತಿ. ಅವಸರದಲ್ಲೂ ಕೈಯನ್ನು ಸೀರೆಗೆ ತಿಕ್ಕಿ ತಿಕ್ಕಿ ಒರೆಸಿಕೊಂಡಳು. ಎಣ್ಣೆ ಜಿಡ್ಡಿಗೆ ಆಮ್ಲಜನಕ ತಾಗಿದರೆ ಬೆಂಕಿ ಹತ್ತುತ್ತದೆಂದು ಅಪ್ಪ ಬೈದು ಬೈದು ಕಲಿಸಿದ್ದ. ವಾಷರ್ ಒಮ್ಮೆ ಜಾರಿ ನೆಲಕ್ಕೆ ಬಿತ್ತು. ಅದನ್ನೂ ಒರೆಸಿ ಕೂರಿಸಿದಳು. ಸ್ಪ್ಯಾನರಿನಿಂದ ಬಿಗಿದು ತೆರೆದಳು. ಈ ಸಲ ಸದ್ದಿಲ್ಲ.

ತಿರುಗಿ ನೋಡಿದರೆ ತಂಗಿ ಎಚ್ಚೆತ್ತು, ಮಾಸ್ಕ್ ಕಿತ್ತು ಎದ್ದು ಕೂತಿದ್ದಾಳೆ.

"ನಂಗೆ ತಲೆನೋವು ಹೋಯ್ತು. ಮನೆಗೆ ಹೋಗ್ತೀನಿ. ಇವಳ ಕೈಲಿ ಉಪಕಾರ ಮಾಡಿಸ್ಕೊಳ್ಳೋದು ನಂಗೆ ಬೇಡ."

"ನಿಂಗಲ್ಲ ಕಣೇ," ಎಂದಳು ಅಕ್ಕ. "ಒಳಗಿರೋದಕ್ಕೆ. ಅದು ಇನ್ನೂ ಒದ್ದಾಡ್ತಿದೆ, ಕೇಳಿಸ್ಕೋ. ಬೈಬೇಕು ಅಂತಿದ್ರೆ ಮಾಸ್ಕ್ ಒಳಗೇ ಬೈ."

ತಂಗಿ ಯಂತ್ರದ ಸದ್ದಿಗೆ ಕಿವಿಗೊಟ್ಟಳು. ಮುಖ ಸಪ್ಪಗಾಯಿತು. ತಾನೇ ಮಾಸ್ಕ್ ಎಳೆದುಕೊಂಡು ಮಲಗಿದಳು. ಅಕ್ಕ ಅದರ ಅಂಚನ್ನು ಒತ್ತಿ ಹಿಡಿದು ನಿಂತೇ ಇದ್ದಳು. ಲಾರಿ ಬಂದಾಗ ಹೊಸ ಸಿಲಿಂಡರುಗಳನ್ನು ತಂಗಿಯ ಗಂಡನೇ ಇಳಿಸಿಕೊಂಡ. ಬಿಸಿಲು ಗೋಡೆಯಿಂದ ಜಾರುವ ಹೊತ್ತಿಗೆ ಆ ಪುಟ್ಟ ಬಡಿತ ಹದಕ್ಕೆ ಬಂತು. ಆದರೂ ಡಾಕ್ಟರಮ್ಮ, "ಹುಟ್ಟೋವರೆಗೂ ಏನೂ ಹೇಳಕ್ಕಾಗಲ್ಲ" ಅಂದರು. ಆ ಮಾತು ಹೆರಿಗೆಯವರೆಗೂ ಅಕ್ಕನ ನಿದ್ದೆ ಕೆಡಿಸಿತು.

ಹುಟ್ಟಿದ್ದು ಹೆಣ್ಣು, ಗುಂಡುಗುಂಡಗೆ. ಊರಿಗೇ ಕೇಳಿಸುವ ಹಾಗೆ ಅತ್ತಿತು.

"ಗಂಟಲು ನೋಡು, ಥೇಟ್ ನಿಂದೇ," ಎಂದಳು ತಂಗಿ.

ಅಕ್ಕ ಗೋಡೆ ಕಡೆ ತಿರುಗಿ ಸೆರಗಿನಿಂದ ಕಣ್ಣೊತ್ತಿಕೊಂಡಳು.