ಎಣ್ಣೆ ಹಚ್ಚಿದ ಹತ್ತಿಕಾಯಿ

ಕಮಟು ಹಿಡಿದ ಕುಸುಬಿ ಎಣ್ಣೆಯ ನಾತ ನನಗೆ ಇವತ್ತಿಗೂ ಆಗುವುದಿಲ್ಲ. ಅದಕ್ಕೆ ಕಾರಣ ನಮ್ಮ ಆಯಿ, ಅಂದರೆ ಅಪ್ಪನ ತಾಯಿ.

ಎಂಬತ್ತರ ದಶಕದ ಕೊನೆ. ನಾನು ಧಾರವಾಡದಲ್ಲಿ ಸಸ್ಯಶಾಸ್ತ್ರದ ಸಂಶೋಧನೆಗೆ ಸೇರಿದ್ದೆ. ಹತ್ತಿಯ ಒಂದೊಂದು ಎಳೆಯೂ ಬೀಜದ ಸಿಪ್ಪೆಯಿಂದ ಹೊರಟ ಒಂದೇ ಒಂದು ಜೀವಕೋಶ. ಹೂ ಅರಳಿದ ದಿನದಿಂದ ಅದು ಹುಚ್ಚು ಹಿಡಿದಂತೆ ಉದ್ದವಾಗುತ್ತ ಹೋಗುತ್ತದೆ. ಬೆಳೆ ಎಂದು ಅದಕ್ಕೆ ಹೇಳುವವರು ಯಾರು? ಕೋಶದ ಪೊರೆಯಲ್ಲಿರುವ ಕೊಬ್ಬೇ ಒಡೆದು, ಅದರ ಚೂರು ಒಳಗೆ ಸುದ್ದಿ ಒಯ್ಯುತ್ತದೆ ಎಂದು ಪ್ರಾಣಿಗಳಲ್ಲಿ ಆಗಷ್ಟೇ ತಿಳಿದುಬಂದಿತ್ತು. ಹತ್ತಿಯಲ್ಲೂ ಹಾಗೆಯೇ ಆಗುತ್ತದೆಯೇ ಎಂದು ನೋಡುವುದು ನನ್ನ ಕೆಲಸ. ತಿರ್ಲಾಪುರದ ನಮ್ಮ ಹೊಲದಲ್ಲಿ, ಅರಳಿದ ದಿನವೇ ಹೂವಿನ ತೊಟ್ಟಿಗೆ ಕೆಂಪು ದಾರ ಕಟ್ಟಿ ಬಂದೆ. ದಾರವಿಲ್ಲದ ಕಾಯಿಯ ವಯಸ್ಸು ತಿಳಿಯುವುದಿಲ್ಲ. ಎಳೆಗಾಯಿಯ ಕಾಲ ತಪ್ಪಿದರೆ ಮತ್ತೆ ಮುಂದಿನ ವರ್ಷವೇ.

ಎರಡು ವಾರ ಬಿಟ್ಟು ಹೋದರೆ ದಾರ ಕಟ್ಟಿದ ಕಾಯಿಗಳೆಲ್ಲ ಎಣ್ಣೆಯಲ್ಲಿ ಮಿಂದಿದ್ದವು. ಇರುವೆಗಳು ಅಂಟಿಕೊಂಡು ಸತ್ತಿದ್ದವು. ಜಿಡ್ಡಿನ ಮೇಲೆ ಎರೆಮಣ್ಣಿನ ಧೂಳು ಕೂತು ಕರ್ರಗಾಗಿತ್ತು. ಮುಟ್ಟಿದ ಬೆರಳು ಮೂಸಿದೆ, ನಮ್ಮ ಮನೆಯದೇ ಕಮಟು ಕುಸುಬಿ ಎಣ್ಣೆ. ಜೊತೆಗೆ ಬಂದಿದ್ದ ಆಯಿಯ ಕಡೆ ತಿರುಗಿದೆ.

"ಆಯಿ, ಏನ್ ಮಾಡೀದಿ ಬೇ ಇದು!"

"ಕೊಬ್ಬು ಹೇಳಿದ್ರ ಎಳಿ ಬೆಳಿತಾವ ಅಂತ ನೀನ ಅಂದ್ಯಲ್ಲವಾ. ಕೂಸಿನ ನೆತ್ತಿಗೆ ಒತ್ತಿದಂಗ ಒಂದೊಂದಕ್ಕೂ ಒತ್ತೇನಿ. ನಿನ್ನೂ ಹಿಂಗ ಬೆಳಸೇನಿ."

ನಾನು ಅಳೆಯಬೇಕಾದದ್ದು ಎಳೆಯೊಳಗಿನ ಕಣ್ಣಿಗೆ ಕಾಣದಷ್ಟು ಕೊಬ್ಬು. ಈಗ ಕಾಯಿ ಸೀಳಿದರೆ ಬ್ಲೇಡಿನ ಜೊತೆಗೇ ಮನೆಯ ಎಣ್ಣೆಯೂ ಒಳಗೆ ಹೋಗುತ್ತಿತ್ತು.

ಆದರೂ ಅವನ್ನು ಡಬ್ಬಿಯಲ್ಲಿ ತುಂಬಿಕೊಂಡು ಧಾರವಾಡಕ್ಕೆ ಹೋಗಿ ನನ್ನ ಸಂಶೋಧನೆಯ ಗೈಡ್ ಮುಂದಿಟ್ಟು, ನಡೆದದ್ದನ್ನು ಹೇಳಿದೆ. ಅವರು ಎಲೆಅಡಿಕೆ ಜಗಿಯುತ್ತಲೇ ಕೇಳಿಸಿಕೊಂಡರು.

"ಬಟ್ಟಿಲೆ ಒರಸಿ ಹಾಕವಾ. ಕೊಬ್ಬು ಜಾಸ್ತಿ ಬಂದ್ರ ನಮಗ ಚಲೋನ ಆತು. ಯಾರ್ ನೋಡ್ತಾರ?"

ಹೀಗೆಂದು ನಕ್ಕು, ನಾವು ಗಾಜಿನ ಸಾಮಾನು ತೊಳೆಯುವ ಸಿಂಕಿನಲ್ಲೇ ಪಿಚಕ್ಕನೆ ಉಗುಳಿದರು. ಥೂ! ಸತ್ತ ಇರುವೆ ಅಂಟಿದ ಆ ಕಾಯಿಗಳನ್ನು ಮುಟ್ಟಿದಾಗಲೂ ನನಗೆ ಅಷ್ಟು ಹೇಸಿಗೆಯಾಗಿರಲಿಲ್ಲ. ಪ್ರಬಂಧದಲ್ಲಿ ಇಂಥವರ ಹೆಸರಿನ ಕೆಳಗೆ ನನ್ನ ಹೆಸರು ಬರಬೇಕೆಂದು ಇಷ್ಟು ದಿನ ಆಸೆಪಟ್ಟಿದ್ದೆನಲ್ಲ ಎಂದು ಮೈ ಉರಿಯಿತು. ಡಬ್ಬಿ ಎತ್ತಿ ಅವರ ಎದುರಿಗೇ ಕಸದ ಬುಟ್ಟಿಗೆ ಸುರಿದೆ.

"ಹಂಗಾದ್ರ ಬ್ಯಾರೆ ಗೈಡ್ ನೋಡ್ಕೊ," ಎಂದರು.

ಸಂಜೆಯ ಬಸ್ಸಿಗೆ ಊರಿಗೆ ಬಂದೆ. ಆಯಿ ಕಟ್ಟೆಯ ಮೇಲೆ ಕೂತಿದ್ದಳು.

"ಕಾಯಿ ಬೆಳದಿದ್ವಿಲ್ಲೋ?"

"ಬೆಳದಿದ್ವು."

"ಮತ್ತ ಮಾರಿ ಯಾಕ ಹಿಂಗ ಬಾಡೇತಿ? ತಲಿ ನೋಡು, ಹೆಂಗ ಒಣಗೇತಿ," ಎನ್ನುತ್ತ ಒಳಗೆ ಹೋಗಿ ಎಣ್ಣೆಯ ಬಟ್ಟಲು ತಂದಳು. ಕಾಯಿಗೆ ಹಚ್ಚಿದ ಅದೇ ಎಣ್ಣೆ, ಅದೇ ನಾತ. ಉಸಿರು ಬಿಗಿಹಿಡಿದು ಅವಳ ಮುಂದೆ ತಲೆ ಬಾಗಿಸಿ ಕೂತೆ.