ಪತ್ರಾಸಿನ ಕೆಳಗಿನ ಮೂರು ದಿನ

ನನಗೆ ಮುಟ್ಟು ನಿಂತದ್ದು ನಲವತ್ತಾರಕ್ಕೋ ನಲವತ್ತೇಳಕ್ಕೋ. ಹುಟ್ಟಿದ ವರ್ಷವೇ ಗೊತ್ತಿಲ್ಲದವಳು ಇದನ್ನು ಸರಿಯಾಗಿ ಹೇಳುವುದು ಹೇಗೆ? ಇಸವಿ ಎಂಬತ್ತೈದರ ಆಸುಪಾಸು ಇರಬೇಕು. ನೆಗೆಣ್ಣಿಯ ಹಿರಿಮಗಳು ಆಗ ಮೂರನೇ ಇಯತ್ತೆಯಲ್ಲಿದ್ದಳು, ಅಷ್ಟು ನೆನಪಿದೆ. ನಿಂತದ್ದನ್ನು ಯಾರಿಗೂ ಹೇಳಲಿಲ್ಲ. ಐದು ವರ್ಷಕ್ಕೂ ಹೆಚ್ಚು ಕಾಲ ಹೇಳಲಿಲ್ಲ.

ರಾಯಬಾಗ ತಾಲೂಕಿನಲ್ಲಿ ನಮ್ಮದು ಐದೆಕರೆ ಹೊಲ, ಎರಡು ಎಮ್ಮೆ. ಗಂಡ ಮದುವೆಯಾದ ಎಂಟನೇ ವರ್ಷಕ್ಕೇ ತೀರಿದ್ದ. ಮಕ್ಕಳಾಗಿರಲಿಲ್ಲ. ಮನೆಯಲ್ಲಿ ಅತ್ತೆ, ಮೈದುನ, ಅವನ ಹೆಂಡತಿ ಅಂದರೆ ನನ್ನ ನೆಗೆಣ್ಣಿ, ಅವರ ಮಕ್ಕಳು. ನನ್ನನ್ನು ಯಾರೂ ಬಡಿಯಲಿಲ್ಲ, ಉಪವಾಸ ಕೆಡವಲಿಲ್ಲ. ಮಾತಾಡಿಸುತ್ತಿರಲಿಲ್ಲ, ಅಷ್ಟೇ. ನೀರು ತಾ, ಸೆಗಣಿ ತೆಗೆ, ರೊಟ್ಟಿ ಬಡಿ ಅನ್ನುವುದನ್ನೂ ಮಾತು ಅನ್ನುವುದಾದರೆ ಮಾತಿಗೆ ಕೊರತೆ ಇರಲಿಲ್ಲ.

ನಮ್ಮ ಮನೆಯಲ್ಲಿ ಮುಟ್ಟಾದವರು ಮೂರು ದಿನ ಹೊರಗೆ ಕೂಡಬೇಕು. ಹಿತ್ತಲಲ್ಲಿ ಎಮ್ಮೆ ಕಟ್ಟುವ ಜಾಗಕ್ಕೆ ಹತ್ತಿಕೊಂಡು ಒಂದು ತಗಡಿನ ಪತ್ರಾಸು ಇಳಿಬಿಟ್ಟಿದ್ದರು. ಅದರ ಕೆಳಗೆ ಒಂದು ಚಾಪೆ, ಒಂದು ಕೌದಿ, ಒಂದು ತಂಬಿಗೆ. ಹೊಲದ ಕೆಲಸ ತಪ್ಪುತ್ತಿರಲಿಲ್ಲ. ಆದರೆ ಒಲೆ ಇಲ್ಲ, ಕೊಡ ಇಲ್ಲ, ಹಾಲು ಮೊಸರು ಮುಟ್ಟುವಂತಿಲ್ಲ. ಬಿಸಿಲಿಗೆ ಪತ್ರಾಸು ಕಾದು ಬೆನ್ನು ಸುಡುತ್ತಿತ್ತು, ಆದರೂ ಆ ಜಾಗ ನನಗೆ ಬೇಕಿತ್ತು.

ಯಾಕೆಂದರೆ ನೆಗೆಣ್ಣಿಯದೂ ನನ್ನದೂ ಒಂದೇ ಹೊತ್ತಿಗೆ ಬರುತ್ತಿತ್ತು. ನನಗಿಂತ ಹನ್ನೆರಡು ವರ್ಷ ಸಣ್ಣವಳು. ಒಳಗೆ ಅತ್ತೆಯ ಮುಂದೆ ಇಬ್ಬರೂ ಮೂಕಿಯರು. ಹಿತ್ತಲಿಗೆ ಬಂದರೆ ಅವಳ ಬಾಯಿ ಬಿಚ್ಚುತ್ತಿತ್ತು. ತವರಿನ ಸುದ್ದಿ ಹೇಳುತ್ತಿದ್ದಳು, ಗಂಡನ ಗೊರಕೆ ಅಣಕಿಸುತ್ತಿದ್ದಳು. ನೆಲದ ಮೇಲೆ ಇದ್ದಲಿಯಿಂದ ಮನೆ ಬರೆದು ಹುಣಸೆಬೀಜ ಒಡೆದು ಚೌಕಾಬಾರಾ ಆಡುತ್ತಿದ್ದೆವು. ಅವಳು ಕಾಯಿ ಕದಿಯುತ್ತಿದ್ದಳು, ನನಗೆ ಕಾಣುತ್ತಿತ್ತು, ಸುಮ್ಮನಿರುತ್ತಿದ್ದೆ. ನನ್ನ ತಲೆಗೆ ಎಣ್ಣೆ ಹಚ್ಚುತ್ತಿದ್ದವಳು ಜಗತ್ತಿನಲ್ಲಿ ಅವಳೊಬ್ಬಳೇ. ತಿಂಗಳಲ್ಲಿ ಇಪ್ಪತ್ತೇಳು ದಿನ ನಾನು ಆ ಮೂರು ದಿನದ ದಾರಿ ಕಾಯುತ್ತಿದ್ದೆ.

ಮುಟ್ಟು ನಿಂತಾಗ ಮೊದಲು ತಡವಾಗಿದೆ ಅಂದುಕೊಂಡೆ. ನಾಲ್ಕು ತಿಂಗಳಾದ ಮೇಲೆ ಗೊತ್ತಾಯಿತು. ಮೈಯೆಲ್ಲ ಬೆಂಕಿ ಬಿದ್ದಂತೆ ಬೆವರುತ್ತಿತ್ತು. ಅವಳು ಹೊರಗೆ ಕೂತ ದಿನ ನಾನೂ ಹೋಗಿ ಕೂತೆ. ಕಲೆಯೇ ಇಲ್ಲದ ಅರಿವೆಯನ್ನು ಒಗೆದು ಅವಳ ಅರಿವೆಯ ಪಕ್ಕ ಒಣಹಾಕಿದೆ. ದೇವರು ಕೇಳಿದರೆ ಉತ್ತರ ಹೇಳೋಣ ಅಂದುಕೊಂಡೆ. ಅವನು ಕೇಳಲಿಲ್ಲ. ಮುಂದಿನ ತಿಂಗಳೂ ಕೂತೆ.

ಆ ಮೂರು ದಿನ ಒಲೆ ಅತ್ತೆಯ ಪಾಲಿಗೆ ಬೀಳುತ್ತಿತ್ತು. ಅವರಿಗೋ ಮೊಣಕಾಲು ಸೋತಿತ್ತು. ಮೊದಮೊದಲು ಮೊಮ್ಮಗಳನ್ನು ನೀರಿಗೆ ಮಾತ್ರ ಕರೆದರು. ಅವಳು ಐದನೇ ಇಯತ್ತೆಗೆ ಬರುವಷ್ಟರಲ್ಲಿ ಹಿಟ್ಟು ನಾದುವುದೂ ಅವಳದೇ ಆಯಿತು. ತಿಂಗಳಿಗೆ ಮೂರು ದಿನ ಶಾಲೆ ಇಲ್ಲ, ಒಮ್ಮೊಮ್ಮೆ ನಾಲ್ಕು. ಆರನೇ ಇಯತ್ತೆಯಲ್ಲಿದ್ದಾಗ ಮಾಸ್ತರರು ಮನೆಗೆ ಬಂದು, ಹುಡುಗಿ ಚುರುಕು ಇದ್ದಾಳೆ, ಹೀಗೆ ತಪ್ಪಿಸಿದರೆ ನಾಪಾಸಾಗುತ್ತಾಳೆ ಅಂದರು. ಎರಡೂ ಸೊಸೆಯರು ಒಮ್ಮೆಲೇ ಕೂಡುತ್ತಾರೆ, ನನ್ನ ಕೈಲಿ ಏನಾದೀತು ಅಂದರು ಅತ್ತೆ. ನಾನು ಪತ್ರಾಸಿನ ಕೆಳಗೆ ಕೂತು ಎಲ್ಲ ಕೇಳಿಸಿಕೊಂಡೆ. ಕೈಯಲ್ಲಿ ಹುಣಸೆಬೀಜ ಇದ್ದವು, ನನ್ನ ಆಟ ಇತ್ತು, ಬೀಜ ಚೆಲ್ಲಿದೆ.

ಹುಡುಗಿ ಏಳನೆಯದರಲ್ಲಿ ನಾಪಾಸಾದಳು. ಮತ್ತೆ ಕಳಿಸಲಿಲ್ಲ.

ಅದರ ಮರುವರ್ಷ ನಾನು ಬೋರಿಂಗಿನ ಕಟ್ಟೆಯ ಮೇಲೆ ಜಾರಿದೆ. ಎತ್ತರದಿಂದ ಬಿದ್ದದ್ದಲ್ಲ. ಕೊಡ ಬಿಟ್ಟು ನೆಲಕ್ಕೆ ಕೈ ಊರಿದೆ, ಮುಂಗೈ ಲಟಕ್ಕೆಂದಿತು. ಎಲುಬು ಕೂಡಿಸುವ ಮುದುಕ ಬಿದಿರಿನ ದಬ್ಬೆ ಇಟ್ಟು ಕಟ್ಟಿದ. ಒಂದೂವರೆ ತಿಂಗಳಾದರೂ ಬಾವು ಇಳಿಯಲಿಲ್ಲ. ನೆಗೆಣ್ಣಿ ಹಟ ಹಿಡಿದು ಬಸ್ಸು ಹತ್ತಿಸಿ ಚಿಕ್ಕೋಡಿಗೆ ಕರಕೊಂಡು ಹೋದಳು.

ಡಾಕ್ಟರಬಾಯಿ ಎಕ್ಸರೇ ಬೆಳಕಿಗೆ ಹಿಡಿದು, ಕೈ ಸೊಟ್ಟ ಕೂಡಿದೆ, ಅದಿರಲಿ, ಎಲುಬೇ ತೆಳ್ಳಗಾಗಿದೆ ಅಂದಳು. ಆಮೇಲೆ ಕೇಳಿದಳು, "ಮುಟ್ಟು ನಿಂತು ಎಷ್ಟ ವರ್ಷ ಆತು ಅವ್ವಾ?"

ನೆಗೆಣ್ಣಿ ನನ್ನ ಬೆನ್ನ ಹಿಂದೆ ನಿಂತಿದ್ದಳು.

"ಇನ್ನೂ ಬರತೈತ್ರಿ," ಅಂದೆ.

"ತಿಂಗಳಾ ತಿಂಗಳಾ?"

"ಹೌದ್ರಿ. ನಮ್ಮಿಬ್ಬರ್ದೂ ಕೂಡೇ ಬರತೈತ್ರಿ," ಅಂದಳು ನೆಗೆಣ್ಣಿ. ನನ್ನ ಪರವಾಗಿ ಸಾಕ್ಷಿ ನುಡಿದಳು.

ಡಾಕ್ಟರಬಾಯಿ ನನ್ನ ಮುಖ ನೋಡಿದಳು, ಕಣ್ಣಿನ ರೆಪ್ಪೆ ಎಳೆದು ನೋಡಿದಳು. ಈ ವಯಸ್ಸಿಗೆ ಇಷ್ಟು ಸರಿಯಾಗಿ ಹೋಗುವುದು ಒಳ್ಳೆಯ ಲಕ್ಷಣ ಅಲ್ಲ, ಗರ್ಭಚೀಲ ತಪಾಸಣೆ ಮಾಡಬೇಕು, ಬೇಕಾದರೆ ತೆಗೆಯಬೇಕಾದೀತು ಅಂದಳು. ರಕ್ತಕ್ಕೆಂದು ಕೆಂಪು ಗುಳಿಗೆ ಬರೆದುಕೊಟ್ಟಳು. ಬಸ್ಸಿನಲ್ಲಿ ನೆಗೆಣ್ಣಿ ನನ್ನ ಕೈ ತನ್ನ ತೊಡೆಯ ಮೇಲಿಟ್ಟುಕೊಂಡು ರಾಯಬಾಗದವರೆಗೂ ಅತ್ತಳು. ನಾನು ಕಿಟಕಿಯಾಚೆ ಕಬ್ಬು ನೋಡುತ್ತ ಕೂತೆ.

ಮನೆಯಲ್ಲಿ ಮಾತಾಯಿತು. ಜೋಳದ ಸುಗ್ಗಿ ಮುಗಿದ ಮೇಲೆ ಆಪರೇಷನ್ನು ಅಂತ ಮೈದುನ ಹೇಳಿದ. ಇಷ್ಟು ವರ್ಷದಲ್ಲಿ ನನ್ನ ಬಗ್ಗೆ ಆ ಮನೆಯಲ್ಲಿ ಅಷ್ಟು ಮಾತಾಡಿದ್ದು ಅದೊಂದೇ ಸಲ. ಇಲ್ಲದ ರೋಗಕ್ಕೆ ಹೊಟ್ಟೆ ಕೊಯ್ಯಿಸಿಕೊಳ್ಳಬೇಕು, ಇಲ್ಲ ನಿಜ ಹೇಳಬೇಕು. ನಿಜ ಹೇಳಿದರೆ ಆ ಮೂರು ದಿನ ಹೋಗುತ್ತವೆ. ಹದಿನೈದು ದಿನ ಇದನ್ನೇ ತಿರುಗಿಸಿ ಮುರುಗಿಸಿ ಯೋಚಿಸಿದೆ. ಈಗ ನಿಮ್ಮ ಮುಂದೆ ಸುಳ್ಳು ಯಾಕೆ ಹೇಳಲಿ, ಹೊಟ್ಟೆ ಕೊಯ್ಯಿಸಿಕೊಂಡರೂ ಸೈ ಅಂತ ಎರಡು ದಿನ ಅನ್ನಿಸಿತ್ತು.

ಮುಂದಿನ ಸರದಿ ಬಂತು, ಇಬ್ಬರೂ ಕೂತೆವು. ಮುಂಜಾನೆಯ ಹೊತ್ತು. ಅವಳು ನನ್ನ ಹಿಂದೆ ಕೂತು ತಲೆ ಹಿಕ್ಕುತ್ತಿದ್ದಳು, ನನ್ನ ಒಂದು ಕೈ ಆಗುತ್ತಿರಲಿಲ್ಲವಲ್ಲ. ಆಪರೇಷನ್ನಿಗೆ ನಾನೇ ನಿನ್ನ ಬಳಿ ಇರುತ್ತೇನೆ, ಹೆದರಬೇಡ ಅನ್ನುತ್ತಿದ್ದಳು.

"ಆಪರೇಷನ್ ಬ್ಯಾಡ. ನಂದು ನಿಂತು ಐದು ವರ್ಷದ ಮ್ಯಾಲಾತು," ಅಂದೆ.

ಹಣಿಗೆ ನಿಂತಿತು. ಮತ್ಯಾಕ ಹೊರಗ ಕೂಡಾಕತ್ತೀ ಅಂತ ಅವಳು ಕೇಳಲಿಲ್ಲ. ಅದು ಅವಳಿಗೆ ಗೊತ್ತಾಗಿರಬೇಕು. ಬೇರೆಯದೇ ಕೇಳಿದಳು.

"ಅಕ್ಕಾ, ಒಳಗ ಯಾರು ರೊಟ್ಟಿ ಬಡ್ಯಾಕತ್ತಾರ, ಕೇಳು."

ಕೇಳಿದೆ. ಅವಳ ಮಗಳು ಬಡಿಯುತ್ತಿದ್ದಳು. ಸಣ್ಣ ಕೈಯ ಸಪ್ಪಳ, ಎರಡು ಬಡಿತ ಬಿದ್ದು ಒಮ್ಮೆ ನಿಲ್ಲುತ್ತಿತ್ತು. ಹಣಿಗೆಯನ್ನು ನನ್ನ ಮಡಿಲಿಗೆ ಹಾಕಿ ನೆಗೆಣ್ಣಿ ಎದ್ದು ಎಮ್ಮೆಯ ಆ ಕಡೆ ಹೋಗಿ ಕೂತಳು.

ನಾನು ಆಗಲೇ ತಲೆ ಮೇಲೆ ನೀರು ಹೊಯ್ದುಕೊಂಡು ಒಳಗೆ ಹೋದೆ. ನಡುವೆ ಎದ್ದು ಬಂದದ್ದಕ್ಕೆ ಅತ್ತೆ ಬೈಯಲು ಬಾಯಿ ತೆರೆದರು. ನಿಂತಿದೆ, ಇನ್ನು ಕೂಡುವುದಿಲ್ಲ ಅಂದೆ. ಹುಡುಗಿಯನ್ನು ಸರಿಸಿ ಹಿಟ್ಟಿಗೆ ಕೈ ಹಾಕಿದೆ. ಮುರಿದ ಕೈ ಮಣಿಯಲಿಲ್ಲ. ರೊಟ್ಟಿ ಅಂಚಿಗೆ ಹರಿದು ಹೋಯಿತು. ಎರಡನೆಯದೂ ಹರಿಯಿತು.

"ನಿಂತ್ರ ನಿಂತೀತು, ಮೊದಲ ಒಲಿ ಮುಂದಿಂದ ಸರಿ," ಅಂದರು ಅತ್ತೆ. "ಹಿಟ್ಟು ಹಾಳ ಮಾಡಬ್ಯಾಡ."

ಹುಡುಗಿ ನನ್ನ ಮುಖ ನೋಡದೆ ಮತ್ತೆ ಬಂದು ಕೂತಳು. ನಾನು ಎಡಗೈಯಲ್ಲಿ ಒಲೆಗೆ ಕಟ್ಟಿಗೆ ಒತ್ತಿದೆ.

ಚಿಕ್ಕೋಡಿಗೆ ಎರಡನೇ ಸಲ ಒಬ್ಬಳೇ ಹೋದೆ. ಡಾಕ್ಟರಬಾಯಿ ಬೈದಳು. ಬೈದು ಮುಗಿಸಿ ತಿಳಿಸಿ ಹೇಳಿದಳು. ಮುಟ್ಟು ನಿಂತ ಮೇಲೆ ಹೆಂಗಸಿನ ಎಲುಬು ಒಳಗೊಳಗೇ ಸವೆಯುತ್ತದೆ, ಮುರಿಯುವತನಕ ಗೊತ್ತಾಗುವುದಿಲ್ಲ, ಹೋದದ್ದನ್ನು ಗುಳಿಗೆ ಪೂರಾ ತಿರುಗಿ ತರುವುದಿಲ್ಲ, ಇದ್ದದ್ದು ಬೇಗ ಹೋಗದಂತೆ ತಡೆದೀತು. ಕೆಂಪು ಗುಳಿಗೆ ನಿಲ್ಲಿಸಿ ಬಿಳಿಯದು ಕೊಟ್ಟಳು, ಕ್ಯಾಲ್ಸಿಯಂ. ಅಗಿದರೆ ಬಳಪ ತಿಂದಂತೆ. ಹಾಲು, ಮಜ್ಜಿಗೆ, ಎಳ್ಳು, ಸೊಪ್ಪು ತಿನ್ನು, ಎಳೆಬಿಸಿಲಿಗೆ ನಿಲ್ಲು, ನಡೆದಾಡು, ಬೀಳಬೇಡ ಅಂದಳು. ಹಾಲು ಎರಡು ಹೊತ್ತೂ ಡೇರಿಗೆ ಹೋಗುತ್ತಿತ್ತು. ಎರಡು ಎಮ್ಮೆ ಹಿಂಡಿದವಳು ನಾನು, ಒಂದು ವಾಟಿ ಹಾಲು ಕುಡಿದದ್ದು ನೆನಪಿಲ್ಲ. ಗುಳಿಗೆ ಮಜ್ಜಿಗೆಯ ಜೊತೆ ನುಂಗಿದೆ.

ಆಮೇಲೆ ನೆಗೆಣ್ಣಿ ಒಬ್ಬಳೇ ಹೊರಗೆ ಕೂಡುತ್ತಿದ್ದಳು. ಅವಳ ತಾಟು ನಾನೇ ಒಯ್ದು ದೂರದಿಂದ ಇಡುತ್ತಿದ್ದೆ. ಇಟ್ಟು ಸ್ವಲ್ಪ ನಿಲ್ಲುತ್ತಿದ್ದೆ. ಅವಳು ಜಗಳ ತೆಗೆಯಲಿಲ್ಲ, ಬೈಯಲಿಲ್ಲ. ನಾನು ಒಳಗೆ ಹೋಗುವತನಕ ತಾಟಿಗೆ ಕೈ ಹಚ್ಚುತ್ತಿರಲಿಲ್ಲ. ಹುಡುಗಿಯನ್ನು ಹದಿನೇಳಕ್ಕೇ ಅಥಣಿಯ ಕಡೆ ಕೊಟ್ಟರು. ಹೋಗುವಾಗ ಕಾಲು ಮುಟ್ಟಿದಳು, "ಬರ್ತೀನಿ ದೊಡ್ಡವ್ವಾ" ಅಂದಳು. ಅವಳಿಗೆ ತಾಯಿ ಆ ಐದು ವರ್ಷದ ಸಂಗತಿ ಹೇಳಿದ್ದಳೋ ಇಲ್ಲವೋ ಇಂದಿಗೂ ಗೊತ್ತಿಲ್ಲ. ಕೇಳುವ ಧೈರ್ಯ ಬರಲಿಲ್ಲ.

ಅತ್ತೆ ತೀರಿ ಎರಡು ವರ್ಷಕ್ಕೆ, ತೊಂಬತ್ತೇಳಿರಬೇಕು, ಪತ್ರಾಸಿನ ಕೆಳಗೆ ಯಾರೂ ಕೂಡದೆ ಮೂರು ತಿಂಗಳು ಕಳೆಯಿತು. ನಾಲ್ಕಾಯಿತು. ನೆಗೆಣ್ಣಿ ಉಣ್ಣುವಾಗ ಸೆರಗಿನಿಂದ ಕುತ್ತಿಗೆಯ ಬೆವರು ಒರೆಸಿಕೊಳ್ಳುತ್ತಿದ್ದಳು. ಆ ಬೆವರು ನನಗೆ ಗೊತ್ತಿತ್ತು. ಮೈದುನ ಆ ಜಾಗಕ್ಕೆ ಸೆಗಣಿಯ ಕುಳ್ಳು ಒಟ್ಟಿಸಿದ. ಚೌಕಾಬಾರಾದ ಮನೆ ಬರೆಯುತ್ತಿದ್ದ ಕಡೆಯೇ ಒಟ್ಟಿದೆವು.

ಚಿಕ್ಕೋಡಿಗೆ ಹೋಗಿ ಡಾಕ್ಟರಬಾಯಿಯನ್ನು ಕೇಳಿ ಅವಳಿಗೂ ಗುಳಿಗೆ ತಂದೆ. ಊಟದ ಹೊತ್ತಿಗೆ ತಾಟಿನ ಅಂಚಿಗೆ ಒಂದು ಇಟ್ಟೆ, ಪಕ್ಕದಲ್ಲಿ ಮಜ್ಜಿಗೆ.

"ಏನಿದು?" ಅಂದಳು.

"ಎಲುಬಿಗೆ."

ಎತ್ತಿ ತಿರುಗಿಸಿ ನೋಡಿದಳು. "ಇಷ್ಟ ದೊಡ್ಡದು. ದನಕ್ಕ ಕೊಡೂದೇನು?"

ನುಂಗಿದಳು. ಹಣಿಗೆ ಮಡಿಲಿಗೆ ಹಾಕಿ ಎದ್ದ ದಿನದಿಂದ ಈಚೆಗೆ ಅವಳು ನನಗೆ ಆಡಿದ ಚೇಷ್ಟೆಯ ಮಾತು ಅದೊಂದೇ. ಮರುದಿನ ಮತ್ತೇನಾದರೂ ಅಂದಾಳು ಅಂತ ಎದುರಿಗೇ ಕೂತೆ. ಗುಳಿಗೆ ನುಂಗಿದಳು, ಮಜ್ಜಿಗೆ ಕುಡಿದಳು, ತಾಟು ಎತ್ತಿಕೊಂಡು ತೊಳೆಯಲು ಹೋದಳು. ದಿನಾ ಇಡುತ್ತೇನೆ. ದಿನಾ ನುಂಗುತ್ತಾಳೆ.